ಟೈಫಾಯ್ಡ್ ಟೆಸ್ಟ್: ಲ್ಯಾಬ್ ಕಿಟಕಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಡ್ಯದಲ್ಲಿ ಲ್ಯಾಬ್ ಟೆಕ್ನಿಶಿಯನ್. ಡಾಕ್ಟರ್ ಅಲ್ಲ. ರಕ್ತ ತೆಗೆಯುವುದು, ಟೆಸ್ಟ್ ಮಾಡುವುದು, ರಿಪೋರ್ಟ್ ಕೊಡುವುದು, ಇಷ್ಟೇ ನನ್ನ ಕೆಲಸ. ಆದರೆ ರಿಪೋರ್ಟ್ ಕೈಗೆ ಸಿಕ್ಕ ತಕ್ಷಣ ಜನ ಕೇಳುವುದು ಕಿಟಕಿ ಈಚೆ ಕೂತಿರುವ ನನ್ನನ್ನೇ. ಮೈಸೂರಿನ ನೆಂಟರು ರಾತ್ರಿ ಹತ್ತು ಗಂಟೆಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಕೇಳುತ್ತಾರೆ. ವರ್ಷವಿಡೀ ಅವೇ ಪ್ರಶ್ನೆಗಳು. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಯಾವ ಮಾತ್ರೆ ತಗೋಬೇಕು ಅಂತ ಮಾತ್ರ ಇಲ್ಲಿ ಹುಡುಕಬೇಡಿ.

### ಜ್ವರ ಶುರುವಾದಾಗ

ಟೈಫಾಯ್ಡ್ ಅಂದ್ರೆ ವಿಷಮಶೀತ ಜ್ವರಾನೇ ತಾನೇ? ಮೊನ್ನೆ ತಿಂದ ಪಾನಿಪೂರಿಯಿಂದ ಬಂತಾ?

ಹೌದು, ಎರಡೂ ಒಂದೇ. ಸಾಲ್ಮೊನೆಲ್ಲಾ ಟೈಫಿ ಅನ್ನೋ ಬ್ಯಾಕ್ಟೀರಿಯಾದಿಂದ ಬರುತ್ತದೆ. ಸೊಳ್ಳೆಗೂ ಇದಕ್ಕೂ ಸಂಬಂಧ ಇಲ್ಲ. ಇದು ಮನುಷ್ಯರಲ್ಲಿ ಮಾತ್ರ ಬದುಕುವ ಬ್ಯಾಕ್ಟೀರಿಯಾ. ರೋಗಿಯ ಮಲದಿಂದ ನೀರಿಗೋ ಊಟಕ್ಕೋ ಸೇರಿ ಇನ್ನೊಬ್ಬರ ಹೊಟ್ಟೆಗೆ ಹೋಗುತ್ತದೆ. ಕುಡಿಯುವ ನೀರಿನ ಪೈಪ್ ಒಡೆದು ಚರಂಡಿ ನೀರು ಸೇರಿಕೊಂಡರೆ ಒಂದು ಬೀದಿಗೆ ಬೀದಿಯೇ ಮಲಗಬಹುದು.

ಮೊನ್ನೆಯ ಪಾನಿಪೂರಿಯನ್ನು ಬೈಯಬೇಡಿ. ಒಳಗೆ ಹೋದ ಮೇಲೆ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಬೈಯಲೇಬೇಕು ಅಂದರೆ ಎರಡು ವಾರದ ಹಿಂದಿನ ಜಾತ್ರೆಯನ್ನೋ ಮದುವೆ ಮನೆಯ ನೀರನ್ನೋ ನೆನಪು ಮಾಡಿಕೊಳ್ಳಿ.

ಜ್ವರ ನೋಡಿದ್ರೇ ಟೈಫಾಯ್ಡ್ ಅಂತ ಗೊತ್ತಾಗಲ್ವಾ? ನಮ್ಮಜ್ಜಿ ನಾಲಿಗೆ ನೋಡಿ ಹೇಳ್ತಿದ್ರು.

ಅಜ್ಜಿ ಹೇಳಿದ್ದರಲ್ಲಿ ಸತ್ಯ ಇದೆ. ನಾಲಿಗೆ ಮಧ್ಯೆ ಬೆಳ್ಳಗೆ ಕಟ್ಟಿಕೊಂಡು ಅಂಚು ಮಾತ್ರ ಕೆಂಪಗಿರುವುದು, ಜ್ವರ ಮೆಟ್ಟಿಲು ಹತ್ತಿದ ಹಾಗೆ ದಿನಾ ಸ್ವಲ್ಪ ಸ್ವಲ್ಪ ಏರುವುದು, ತಲೆನೋವು, ಹೊಟ್ಟೆ ಭಾರ, ದೊಡ್ಡವರಿಗೆ ಮಲಬದ್ಧತೆ, ಮಕ್ಕಳಿಗೆ ಭೇದಿ, ಮೈ ಕಾದಿದ್ದರೂ ನಾಡಿ ಅಷ್ಟು ಜೋರಾಗಿ ಓಡದಿರುವುದು, ಇವೆಲ್ಲ ಪುಸ್ತಕದಲ್ಲಿ ಇರುವ ಲಕ್ಷಣಗಳೇ. ಎದೆ ಹೊಟ್ಟೆ ಮೇಲೆ ಗುಲಾಬಿ ಬಣ್ಣದ ಚುಕ್ಕಿ ಬರುತ್ತದೆ ಅಂತಲೂ ಬರೆದಿರುತ್ತಾರೆ. ನಮ್ಮ ಮೈಬಣ್ಣದಲ್ಲಿ ಅದು ಕಾಣುವುದೇ ಕಷ್ಟ.

ತೊಂದರೆ ಏನು ಅಂದರೆ ಇದೇ ಥರದ ಜ್ವರಗಳು ನಮ್ಮ ಕಡೆ ಬೇಕಾದಷ್ಟಿವೆ. ಡೆಂಗ್ಯೂ, ಗದ್ದೆ ಕೆಲಸ ಮಾಡುವವರಿಗೆ ಬರುವ ಇಲಿ ಜ್ವರ, ಹುಲ್ಲು ಪೊದೆಯಲ್ಲಿ ಓಡಾಡುವವರಿಗೆ ಬರುವ ಸ್ಕ್ರಬ್ ಟೈಫಸ್, ಮಲೇರಿಯಾ. ಮೊದಲ ನಾಲ್ಕೈದು ದಿನ ಇವೆಲ್ಲ ಒಂದೇ ತಾಯಿ ಮಕ್ಕಳ ಹಾಗೆ ಕಾಣುತ್ತವೆ. ಟೆಸ್ಟ್ ಬೇಕಾಗುವುದು ಅದಕ್ಕೇ.

ಜ್ವರ ಬಂದು ಎರಡು ದಿನ ಆಯ್ತು, ವಿಡಾಲ್ ಮಾಡ್ಬಿಡಿ ಅಕ್ಕಾ, ಒಂದೇ ಸಲಕ್ಕೆ ಗೊತ್ತಾಗ್ಲಿ.

ಮಾಡಬಹುದು, ಆದರೆ ಏನೂ ಗೊತ್ತಾಗಲ್ಲ. ವಿಡಾಲ್ ಬ್ಯಾಕ್ಟೀರಿಯಾವನ್ನು ಹುಡುಕುವ ಟೆಸ್ಟ್ ಅಲ್ಲ. ಬ್ಯಾಕ್ಟೀರಿಯಾ ವಿರುದ್ಧ ನಿಮ್ಮ ಮೈ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತದೆ. ಅದು ತಯಾರಾಗಲು ಒಂದು ವಾರ ಬೇಕು. ಎರಡನೇ ದಿನದ ವಿಡಾಲ್ ನೆಗೆಟಿವ್ ಬಂದರೆ ಟೈಫಾಯ್ಡ್ ಇಲ್ಲ ಅಂತಲ್ಲ. ಪಾಸಿಟಿವ್ ಬಂದರೆ ಅದು ಹಳೆಯ ಕಥೆ ಇರುವ ಸಾಧ್ಯತೆಯೇ ಜಾಸ್ತಿ.

ಲ್ಯಾಬ್‌ಗೆ ಬರುವಾಗ ಜ್ವರ ಯಾವ ದಿನ ಶುರುವಾಯಿತು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. "ಹೋದ ವಾರದಿಂದ" ಅನ್ನಬೇಡಿ, ತಾರೀಖು ಬರೆಯಿರಿ. ಯಾವ ದಿನ ರಕ್ತ ತೆಗೆದದ್ದು ಅಂತ ಗೊತ್ತಿಲ್ಲದೆ ಟೈಫಾಯ್ಡ್‌ನ ಯಾವ ರಿಪೋರ್ಟನ್ನೂ ಓದಲು ಬರುವುದಿಲ್ಲ.

ಖಾಲಿ ಹೊಟ್ಟೇಲಿ ಬರ್ಬೇಕಾ?

ಬೇಡ. ಇಡ್ಲಿ ತಿಂದೇ ಬನ್ನಿ. ಜ್ವರದವರು ಹಸಿದುಕೊಂಡು ಬಂದು ಸೂಜಿ ನೋಡಿ ತಲೆ ತಿರುಗಿ ಬೀಳುವುದನ್ನು ಬೇಕಾದಷ್ಟು ನೋಡಿದ್ದೇನೆ.

ಸಿಬಿಸಿ ಮಾಡಿಸಿದೀವಿ. ಅದ್ರಲ್ಲೇ ಟೈಫಾಯ್ಡ್ ಗೊತ್ತಾಗಲ್ವಾ?

ಸಿಬಿಸಿ ಅಂದರೆ ರಕ್ತಕಣಗಳನ್ನು ಎಣಿಸುವ ಟೆಸ್ಟ್. ಅದರಲ್ಲಿ ಖಚಿತವಾಗಿ ಗೊತ್ತಾಗುವುದಿಲ್ಲ, ಆದರೆ ಸುಳಿವು ಸಿಗುತ್ತದೆ. ಟೈಫಾಯ್ಡ್‌ನಲ್ಲಿ ಬಿಳಿ ರಕ್ತಕಣ ಸಾಮಾನ್ಯವಾಗಿ ಜಾಸ್ತಿ ಆಗುವುದಿಲ್ಲ, ನಾರ್ಮಲ್ ಇರುತ್ತದೆ ಅಥವಾ ಕಡಿಮೆ ಇರುತ್ತದೆ. ಇಯೋಸಿನೋಫಿಲ್ ಅನ್ನೋ ಒಂದು ಬಗೆಯ ಬಿಳಿ ರಕ್ತಕಣದ ಸಾಲಿನಲ್ಲಿ ಸೊನ್ನೆ ಬಂದಿದ್ದರೆ ಅನುಭವ ಇರುವ ಡಾಕ್ಟರ್ ಅಲ್ಲಿ ಬೆರಳಿಟ್ಟು ಒಂದು ಕ್ಷಣ ನಿಲ್ಲುತ್ತಾರೆ. ಪ್ಲೇಟ್‌ಲೆಟ್ ಸ್ವಲ್ಪ ಇಳಿಯಬಹುದು, ಲಿವರ್ ಟೆಸ್ಟ್‌ನಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಸ್ವಲ್ಪ ಏರಬಹುದು. ಡೆಂಗ್ಯೂನಲ್ಲೂ ಹೀಗೇ ಆಗುತ್ತದೆ ಅನ್ನೋದೇ ತಲೆನೋವು.

### ವಿಡಾಲ್ ರಿಪೋರ್ಟ್ ಕೈಗೆ ಬಂದಾಗ

ಈ ವಿಡಾಲ್ ಅಂದ್ರೆ ಏನು? ಒಳಗೆ ಏನ್ ಮಾಡ್ತೀರಾ?

ವಿಡಾಲ್ ಅನ್ನೋದು ಒಬ್ಬ ಫ್ರೆಂಚ್ ವೈದ್ಯರ ಹೆಸರು. 1896ರಲ್ಲಿ ಅವರು ತೋರಿಸಿಕೊಟ್ಟ ಟೆಸ್ಟ್ ಇದು. ನೂರಿಪ್ಪತ್ತೈದು ವರ್ಷ ದಾಟಿದರೂ ನಮ್ಮಲ್ಲಿ ಇನ್ನೂ ಇದೇ ಓಡುತ್ತಿದೆ.

ಒಳಗೆ ಹೀಗೆ ಮಾಡುತ್ತೇವೆ. ನಿಮ್ಮ ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು, ಮೇಲೆ ನಿಲ್ಲುವ ಹಳದಿ ನೀರು, ಅಂದರೆ ಸೀರಮ್, ತೆಗೆಯುತ್ತೇವೆ. ಗಾಜಿನ ಸ್ಲೈಡ್ ಮೇಲೆ ಅದರ ಹನಿಗಳನ್ನು ಅಳತೆ ಮಾಡಿ ಇಡುತ್ತೇವೆ: 80 ಮೈಕ್ರೋಲೀಟರ್, ಆಮೇಲೆ 40, 20, 10, 5. ಪ್ರತಿ ಹನಿಗೂ ಬಣ್ಣ ಹಾಕಿದ ಸತ್ತ ಬ್ಯಾಕ್ಟೀರಿಯಾದ ದ್ರಾವಣ ಒಂದು ತೊಟ್ಟು ಸೇರಿಸಿ, ಕಡ್ಡಿಯಲ್ಲಿ ಕಲಸಿ, ಸ್ಲೈಡನ್ನು ಒಂದು ನಿಮಿಷ ಮೆಲ್ಲಗೆ ಅತ್ತ ಇತ್ತ ಆಡಿಸುತ್ತೇವೆ. ಪ್ರತಿಕಾಯ ಇದ್ದರೆ ಒಡೆದ ಹಾಲಿನ ಹಾಗೆ ಕಾಳು ಕಾಳಾಗುತ್ತದೆ. ಇಲ್ಲದಿದ್ದರೆ ಹಾಗೇ ನುಣ್ಣಗೆ ಇರುತ್ತದೆ. ಎಷ್ಟು ಸಣ್ಣ ಹನಿಯವರೆಗೆ ಕಾಳು ಕಟ್ಟಿತು ಅನ್ನೋದೇ ನಿಮ್ಮ ರಿಪೋರ್ಟ್‌ನ ಸಂಖ್ಯೆ.

ಒಂದು ನಿಮಿಷ ಅಂದರೆ ಒಂದೇ ನಿಮಿಷ. ಫೋನ್ ಬಂತು ಅಂತ ಮೂರು ನಿಮಿಷ ಬಿಟ್ಟು ನೋಡಿದರೆ ಹನಿಯ ಅಂಚು ಒಣಗಿ, ಇಲ್ಲದ ಕಾಳೂ ಕಂಡ ಹಾಗಾಗುತ್ತದೆ.

ಅಕ್ಕೋ, 160 ಪಾಯಿಂಟ್ ಐತಂತೆ, ಜಾಸ್ತಿನಾ?

ಇದೇ ನಂಬರ್ ಒನ್ ಪ್ರಶ್ನೆ. ಮೊದಲಿಗೆ, ಇದು ಪಾಯಿಂಟ್ ಅಲ್ಲ. ಬೆಲ್ಲದ ಪಾನಕ ಮಾಡಿ, ಅದಕ್ಕೆ ಅಷ್ಟೇ ನೀರು ಸೇರಿಸಿ, ಮತ್ತೆ ಅಷ್ಟಕ್ಕೆ ಅಷ್ಟು ಸೇರಿಸಿ, ಹೀಗೇ ತೆಳು ಮಾಡುತ್ತಾ ಹೋಗಿ, ಎಲ್ಲಿಯವರೆಗೆ ಸಿಹಿ ಗೊತ್ತಾಗುತ್ತದೆ ಅಂತ ನೋಡಿದ ಹಾಗೆ ಇದು. 1:160 ಅಂದರೆ ಸೀರಮ್ ಅನ್ನು 160 ಪಟ್ಟು ತೆಳು ಮಾಡಿದಾಗಲೂ ಕಾಳು ಕಟ್ಟಿತು ಅಂತ ಅರ್ಥ.

ಸೀರಮ್ ಹನಿ ಅರ್ಧ ಆದ ಹಾಗೆಲ್ಲ ಸಂಖ್ಯೆ ಒಂದು ಮೆಟ್ಟಿಲು ಏರುತ್ತದೆ, ಪ್ರತಿ ಮೆಟ್ಟಿಲೂ ಹಿಂದಿನದರ ಎರಡರಷ್ಟು: 20, 40, 80, 160, 320. ಹಾಗಾಗಿ 320 ಬಂದವರಿಗೆ 160 ಬಂದವರಿಗಿಂತ ಎರಡು ಪಟ್ಟು ಕಾಯಿಲೆ ಅಂತ ಅಲ್ಲ, ಒಂದು ಮೆಟ್ಟಿಲು ಮೇಲೆ ಅಷ್ಟೇ. ಆ ಒಂದು ಮೆಟ್ಟಿಲು ಕಣ್ಣಳತೆಯಲ್ಲೇ ಹೆಚ್ಚು ಕಡಿಮೆ ಆಗುತ್ತದೆ. ಒಂದು ಲ್ಯಾಬ್‌ನಲ್ಲಿ 80, ಪಕ್ಕದ ಲ್ಯಾಬ್‌ನಲ್ಲಿ 160 ಬಂದರೆ ಯಾರೂ ಮೋಸ ಮಾಡಿಲ್ಲ. ಕಂಪನಿ ಕಂಪನಿಯ ಕಿಟ್‌ಗೂ ವ್ಯತ್ಯಾಸ ಇರುತ್ತದೆ.

ಇನ್ನು 160 ಜಾಸ್ತಿನಾ ಅಂದರೆ, ಅದು ಊರಿನ ಮೇಲೆ ನಿಂತಿದೆ. ಟೈಫಾಯ್ಡ್ ಸದಾ ಓಡಾಡುವ ಊರುಗಳಲ್ಲಿ ಆರೋಗ್ಯವಾಗಿ ಓಡಾಡಿಕೊಂಡಿರುವವರ ರಕ್ತದಲ್ಲೂ 40, 80 ಸಿಗುತ್ತದೆ. ಅದಕ್ಕೆ ನಮ್ಮ ದೇಶದ ಹಲವು ಕಡೆ ರಿಪೋರ್ಟ್‌ನ ಓ ಸಾಲಿಗೆ 80, ಎಚ್ ಸಾಲಿಗೆ 160 ದಾಟಿದರೆ ಮಾತ್ರ ಗಮನ ಕೊಡುತ್ತಾರೆ (ಈ ಸಾಲುಗಳು ಏನು ಅಂತ ಮುಂದಿನ ಪ್ರಶ್ನೆಯಲ್ಲಿದೆ). ಗಮನ ಕೊಡುತ್ತಾರೆ ಅಂದೆ, ಟೈಫಾಯ್ಡ್ ಅಂತ ತೀರ್ಮಾನ ಮಾಡುತ್ತಾರೆ ಅನ್ನಲಿಲ್ಲ.

ಓ, ಎಚ್, ಎಎಚ್, ಬಿಎಚ್ ಅಂತ ನಾಲ್ಕು ಸಾಲಿದೆ. ಯಾವ್ದು ನೋಡ್ಬೇಕು?

ಓ ಅನ್ನೋದು ಬ್ಯಾಕ್ಟೀರಿಯಾದ ಮೈ, ಎಚ್ ಅನ್ನೋದು ಅದರ ಬಾಲ. ಓ ಮೊದಲು ಏರಿ ಬೇಗ ಇಳಿಯುತ್ತದೆ. ಎಚ್ ನಿಧಾನಕ್ಕೆ ಏರಿ ವರ್ಷಗಟ್ಟಲೆ ಉಳಿಯಬಹುದು. ಎಎಚ್, ಬಿಎಚ್ ಎರಡೂ ಪ್ಯಾರಾಟೈಫಾಯ್ಡ್‌ನವು, ಅಂದರೆ ಹತ್ತಿರದ ಬ್ಯಾಕ್ಟೀರಿಯಾದಿಂದ ಬರುವ, ಟೈಫಾಯ್ಡ್ ಥರದ್ದೇ ಜ್ವರದವು. ನಮ್ಮ ದೇಶದಲ್ಲಿ ಪ್ಯಾರಾಟೈಫಾಯ್ಡ್ ಎ ಸಾಕಷ್ಟಿದೆ, ಆದ್ದರಿಂದ ಎಎಚ್ ಸಾಲನ್ನು ಸುಮ್ನೆ ದಾಟಿ ಹೋಗಬೇಡಿ. ಎಚ್ ಒಂದೇ ಏರಿದ್ದರೆ ಹಿಂದೆಂದೋ ಬಂದು ಹೋದ ಜ್ವರದ ನೆನಪು ಇರಬಹುದು.

ಪಾಸಿಟಿವ್ ಅಂತ ಅಚ್ಚು ಹಾಕಿ ಕೊಟ್ಟಿದೀರ. ಅದ್ಮೇಲೂ ಟೈಫಾಯ್ಡ್ ಇಲ್ದೇ ಇರುತ್ತಾ?

ಇರುತ್ತದೆ. ಒಂದು ಲೆಕ್ಕ ಹಾಕೋಣ, ಇದು ಬರೀ ಉದಾಹರಣೆಗೆ. ಜ್ವರ ಅಂತ 100 ಜನ ಬಂದರು, ಅವರಲ್ಲಿ ನಿಜವಾಗಿ ಟೈಫಾಯ್ಡ್ ಇರುವವರು 5 ಜನ ಅಂದುಕೊಳ್ಳಿ. ಟೆಸ್ಟ್ ನೂರಕ್ಕೆ 80 ಸಲ ಸರಿ ಹೇಳುತ್ತದೆ ಅಂತಲೂ ಇಟ್ಟುಕೊಳ್ಳಿ. ಆ 5 ಜನರಲ್ಲಿ 4 ಜನ ಪಾಸಿಟಿವ್. ಉಳಿದ 95 ಜನರಲ್ಲಿ ತಪ್ಪಾಗಿ ಪಾಸಿಟಿವ್ ಬರುವವರು 19. ಒಟ್ಟು 23 ಜನರ ಕೈಯಲ್ಲಿ ಪಾಸಿಟಿವ್ ರಿಪೋರ್ಟ್, ಅದರಲ್ಲಿ ನಿಜವಾದ ಟೈಫಾಯ್ಡ್ 4. ಟೆಸ್ಟ್ ಕೆಟ್ಟದ್ದು ಅಂತಲ್ಲ. ಬಂದ ಬಂದವರಿಗೆಲ್ಲ ಮಾಡಿದರೆ ಹೀಗಾಗುತ್ತದೆ. ಡಾಕ್ಟರ್ ಪರೀಕ್ಷೆ ಮಾಡಿ ಅನುಮಾನ ಪಟ್ಟವರಿಗೆ ಮಾತ್ರ ಮಾಡಿದರೆ ಇದೇ ಟೆಸ್ಟ್ ಎಷ್ಟೋ ವಾಸಿ.

ನನ್ನ ಅಕ್ಕನ ಮಗನಿಗೇ ಹೀಗಾಯಿತು. ಪಾಂಡವಪುರದ ಹತ್ತಿರದ ಹಳ್ಳಿ, ಕಬ್ಬಿನ ಗದ್ದೆ ಕೆಲಸ. ಐದು ದಿನದ ಜ್ವರ, ವಿಡಾಲ್ 1:160. ಆ ವಿಡಾಲ್ ಮಾಡಿದ್ದು ನಾನೇ. "ಚಿಕ್ಕಮ್ಮನೇ ನೋಡಿದ ಮೇಲೆ ಇನ್ನೇನು" ಅಂತ ಟೈಫಾಯ್ಡ್ ಮಾತ್ರೆ ಶುರುವಾಯಿತು. ವಾರ ಕಳೆದರೂ ಜ್ವರ ಇಳಿಯಲಿಲ್ಲ, ಉಸಿರಾಡಲು ಕಷ್ಟ ಆಯಿತು. ಮೈಸೂರಿಗೆ ಕರೆದುಕೊಂಡು ಹೋದಾಗ ಅಲ್ಲಿನ ಡಾಕ್ಟರಮ್ಮ ಶರ್ಟ್ ಬಿಚ್ಚಿಸಿ ಕಂಕುಳು ಎತ್ತಿ ನೋಡಿದರು. ಅಲ್ಲಿ ಬೀಡಿಯಿಂದ ಸುಟ್ಟಂಥ ಒಂದು ಕಪ್ಪು ಕಲೆ. ಸ್ಕ್ರಬ್ ಟೈಫಸ್. ಹುಲ್ಲಿನಲ್ಲಿರುವ ನುಸಿ ಮರಿ ಕಚ್ಚಿದ ಗುರುತು ಅದು. ಸರಿಯಾದ ಔಷಧಿ ಬಿದ್ದ ಎರಡು ದಿನಕ್ಕೆ ಜ್ವರ ಬಿಟ್ಟಿತು. ಅಷ್ಟು ದಿನ ಯಾರೂ ಅವನ ಶರ್ಟ್ ಬಿಚ್ಚಿಸಿರಲಿಲ್ಲ, ನಾನೂ ಸೇರಿ.

ಅಂದ ಹಾಗೆ ಟೈಫಸ್ ಬೇರೆ, ಟೈಫಾಯ್ಡ್ ಬೇರೆ. ಹೆಸರು ಮಾತ್ರ ಅಣ್ಣ ತಮ್ಮಂದಿರ ಹಾಗಿದೆ.

ಡೆಂಗ್ಯೂನೂ ಇದೆ ಟೈಫಾಯ್ಡೂ ಇದೆ ಅಂದ್ರು. ಎರಡೂ ಒಟ್ಟಿಗೆ ಬರುತ್ತಾ?

ಬರಬಹುದು, ಆದರೆ ರಿಪೋರ್ಟ್‌ಗಳಲ್ಲಿ ಕಾಣುವಷ್ಟು ಬರುವುದಿಲ್ಲ. ಬೇರೆ ಸೋಂಕು ಬಂದಾಗ ಮೈಯಲ್ಲಿರುವ ಹಳೆಯ ಪ್ರತಿಕಾಯಗಳೂ ಎದ್ದು ಕೂರುತ್ತವೆ. ಮಲೇರಿಯಾದಲ್ಲೂ ವಿಡಾಲ್ ಏರುವುದು ಹೊಸ ವಿಷಯ ಅಲ್ಲ. ಡೆಂಗ್ಯೂಗೆ ಮಾಡುವ ಎನ್‌ಎಸ್1 ಟೆಸ್ಟ್ ಪಾಸಿಟಿವ್ ಇದ್ದು, ಜ್ವರ ಮೂರನೇ ದಿನ, ವಿಡಾಲ್ 80 ಅಂದರೆ, ಡೆಂಗ್ಯೂ ಒಂದೇ ಇದ್ದರೂ ಈ ರಿಪೋರ್ಟ್ ಹೀಗೇ ಬರಬಹುದಾ ಅಂತ ಡಾಕ್ಟರ್‌ಗೆ ಕೇಳಿ.

ಟೈಫಿಡಾಟ್ ಅಂತ ಕಾರ್ಡ್ ಟೆಸ್ಟ್ ಇದ್ಯಂತೆ, ಅದು ಪಕ್ಕಾನಾ?

ವಿಡಾಲ್‌ಗಿಂತ ಹೊಸದು, ಬೇಗ ಆಗುತ್ತದೆ. ಪ್ರೆಗ್ನೆನ್ಸಿ ಕಾರ್ಡ್ ಥರ ಗೆರೆ ಬರುವ ಕಾರ್ಡ್‌ಗಳೂ ಇವೆ. ಐಜಿಎಂ, ಐಜಿಜಿ ಅನ್ನೋದು ಪ್ರತಿಕಾಯದ ಎರಡು ಬಗೆ. ಐಜಿಎಂ ಗೆರೆ ಬಂದರೆ ಹೊಸ ಸೋಂಕಿನ ಸೂಚನೆ, ಐಜಿಜಿ ಮಾತ್ರ ಬಂದರೆ ಹಳೆಯದೂ ಇರಬಹುದು. ಆದರೆ ಇದೂ ಪ್ರತಿಕಾಯವನ್ನೇ ನೋಡುವುದು. ನೂರಕ್ಕೆ ಸುಮಾರು 80ರ ಆಸುಪಾಸು ಸರಿ ಹೇಳುತ್ತದೆ. ಪಕ್ಕಾ ಅನ್ನುವ ಮಾತು ಇಲ್ಲಿ ಬೇಡ.

### ಬ್ಲಡ್ ಕಲ್ಚರ್

ಹಂಗಾದ್ರೆ ಪಕ್ಕಾ ಗೊತ್ತಾಗೋ ಟೆಸ್ಟ್ ಯಾವ್ದು?

ಬ್ಲಡ್ ಕಲ್ಚರ್. ಇದರಲ್ಲಿ ಬ್ಯಾಕ್ಟೀರಿಯಾವನ್ನೇ ಬೆಳೆಸಿ ನೋಡುತ್ತೇವೆ. ಸಿಕ್ಕಿತು ಅಂದರೆ ಸಿಕ್ಕಿತು, ವಾದ ಇಲ್ಲ. ಮೂಳೆ ಮಜ್ಜೆಯ ಕಲ್ಚರ್ ಇದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ, ನೂರಕ್ಕೆ 80ಕ್ಕೂ ಹೆಚ್ಚು. ಆದರೆ ಮೂಳೆಗೆ ದಪ್ಪ ಸೂಜಿ ಚುಚ್ಚಬೇಕು, ಅದನ್ನು ಎಲ್ಲರಿಗೂ ಮಾಡುವುದಿಲ್ಲ. ಎಷ್ಟು ದಿನವಾದರೂ ಜ್ವರದ ಮೂಲ ಸಿಗದಿದ್ದಾಗ ದೊಡ್ಡ ಆಸ್ಪತ್ರೆಯಲ್ಲಿ ಮಾಡುತ್ತಾರೆ.

ಅಯ್ಯೋ, ಅಷ್ಟೊಂದ್ ರಕ್ತ ಯಾಕೆ? ಮೈಯಲ್ಲಿ ಇರೋದೇ ಕಮ್ಮಿ.

ದೊಡ್ಡವರಿಗೆ ಒಂದು ಬಾಟಲಿಗೆ 8ರಿಂದ 10 ಎಂ.ಎಲ್., ಮಕ್ಕಳಿಗೆ ವಯಸ್ಸು ನೋಡಿ 2ರಿಂದ 5 ಎಂ.ಎಲ್. ಎರಡು ಟೀ ಚಮಚ ಆಗುತ್ತದೆ ಅಷ್ಟೇ. ಟೈಫಾಯ್ಡ್ ರೋಗಿಯ ಒಂದು ಎಂ.ಎಲ್. ರಕ್ತದಲ್ಲಿ ಹೆಚ್ಚಾಗಿ ಒಂದೇ ಒಂದು ಬ್ಯಾಕ್ಟೀರಿಯಾ ಇರುತ್ತದೆ, ಕೆಲವು ಸಲ ಅದೂ ಇರುವುದಿಲ್ಲ. ಮೂರು ಎಂ.ಎಲ್. ಕೊಟ್ಟು "ಏನೂ ಬೆಳೆದಿಲ್ಲ" ಅಂದರೆ, ಕೆರೆಗೆ ಒಂದು ಸಲ ಗಾಳ ಹಾಕಿ ಮೀನಿಲ್ಲ ಅಂದ ಹಾಗೆ. ಕೈ ಹಿಂದೆ ಎಳೆದುಕೊಳ್ಳಬೇಡಿ.

ಮೆಡಿಕಲ್‌ನಲ್ಲಿ ತಗೊಂಡು ಎರಡು ದಿನದಿಂದ ಮಾತ್ರೆ ನುಂಗಿದೀನಿ. ಈಗ ಕಲ್ಚರ್ ಮಾಡಿಸ್ಬಹುದಾ?

ಮಾಡಿಸಬಹುದು, ಆದರೆ ಸಿಗುವ ಅವಕಾಶ ಬಹಳ ಕಡಿಮೆಯಾಗಿದೆ. ಆಂಟಿಬಯೋಟಿಕ್ ಒಂದೆರಡು ಡೋಸ್ ಬಿದ್ದರೂ ರಕ್ತದಲ್ಲಿರುವ ಅಷ್ಟಿಷ್ಟು ಬ್ಯಾಕ್ಟೀರಿಯಾ ಬಾಟಲಿಯಲ್ಲಿ ಬೆಳೆಯಲು ಒಪ್ಪುವುದಿಲ್ಲ. ನಮ್ಮ ದೇಶದಲ್ಲಿ ಟೈಫಾಯ್ಡ್ ಪತ್ತೆ ಕಷ್ಟವಾಗಿರುವುದಕ್ಕೆ ಇದೇ ಅರ್ಧ ಕಾರಣ ಅನ್ನೋದು ನನ್ನ ಅಭಿಪ್ರಾಯ. ಜ್ವರಕ್ಕೆ ಪ್ಯಾರಾಸಿಟಮಾಲ್ ತಗೊಂಡಿದ್ದರೆ ತೊಂದರೆ ಇಲ್ಲ, ಅದು ಆಂಟಿಬಯೋಟಿಕ್ ಅಲ್ಲ. ಏನೇ ನುಂಗಿದ್ದರೂ ಖಾಲಿ ಸ್ಟ್ರಿಪ್ ತಂದು ತೋರಿಸಿ. "ಬಿಳೀ ಉದ್ದನೆ ಮಾತ್ರೆ" ಅಂದರೆ ನಮಗೆ ಏನೂ ಗೊತ್ತಾಗಲ್ಲ.

ಕಲ್ಚರ್ ರಿಪೋರ್ಟ್‌ಗೆ ಅಷ್ಟು ದಿನ ಯಾಕೆ? ಬೆಳಿಗ್ಗೆ ಕೊಟ್ರೆ ಸಾಯಂಕಾಲ ಬರಲ್ವಾ?

ಭತ್ತ ಬಿತ್ತಿ ಸಾಯಂಕಾಲ ಕುಯ್ಯೋಕಾಗುತ್ತಾ? ಬಹುಪಾಲು ಎರಡು ಮೂರು ದಿನದೊಳಗೆ ಬೆಳೆಯುತ್ತವೆ. ಅಲ್ಲಿಂದ ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಸಾಯುತ್ತದೆ ಅಂತ ನೋಡಲು ಮತ್ತೆ ಒಂದೆರಡು ದಿನ. ಏನೂ ಬೆಳೆಯದಿದ್ದರೆ ಐದರಿಂದ ಏಳು ದಿನ ಕಾದು ನೆಗೆಟಿವ್ ಕೊಡುತ್ತೇವೆ. ಅಲ್ಲಿಯವರೆಗೆ ಚಿಕಿತ್ಸೆ ನಿಲ್ಲಿಸಿ ಕೂರಬೇಕಾಗಿಲ್ಲ. ರಕ್ತ ಕೊಟ್ಟ ಮೇಲೆ ಡಾಕ್ಟರ್ ಔಷಧಿ ಶುರು ಮಾಡಬಹುದು.

ಕಲ್ಚರ್ ನೆಗೆಟಿವ್ ಬಂತು. ಟೈಫಾಯ್ಡ್ ಇಲ್ಲ ಅಂತ ತಾನೇ?

ಅಲ್ಲ. ಒಳ್ಳೆಯ ಲ್ಯಾಬ್‌ನಲ್ಲಿ ಮಾಡಿದರೂ ನೂರು ಟೈಫಾಯ್ಡ್ ರೋಗಿಗಳಲ್ಲಿ ಸುಮಾರು 60 ಜನರಲ್ಲಿ ಮಾತ್ರ ಬ್ಲಡ್ ಕಲ್ಚರ್ ಹಿಡಿಯುತ್ತದೆ. ಮೊದಲ ವಾರದಲ್ಲಿ ಸಿಗುವುದು ಜಾಸ್ತಿ, ಆಮೇಲೆ ಕಡಿಮೆ. ಎರಡು ಮೂರನೇ ವಾರದಲ್ಲಿ ಮಲದ ಕಲ್ಚರ್ ಸಹಾಯಕ್ಕೆ ಬರಬಹುದು. ಕಾಯಿಲೆಯ ಲಕ್ಷಣ ಬಲವಾಗಿದ್ದರೆ ನೆಗೆಟಿವ್ ಬಂದರೂ ಡಾಕ್ಟರ್ ಟೈಫಾಯ್ಡ್ ಅಂತಲೇ ಚಿಕಿತ್ಸೆ ಮುಂದುವರಿಸುವುದುಂಟು.

ರಿಪೋರ್ಟ್‌ನಲ್ಲಿ ಔಷಧಿ ಹೆಸರಿನ ಮುಂದೆ ಎಸ್, ಆರ್ ಅಂತಿದೆ. ಏನದು?

ಕಲ್ಚರ್‌ಗೆ ಖರ್ಚು ಮಾಡಿದ್ದಕ್ಕೆ ನಿಜವಾದ ಲಾಭ ಇದೇ. ಬೆಳೆದ ಬ್ಯಾಕ್ಟೀರಿಯಾವನ್ನು ತಟ್ಟೆಯ ತುಂಬಾ ಸವರಿ, ಮೇಲೆ ಔಷಧಿ ಅದ್ದಿದ ಸಣ್ಣ ಸಣ್ಣ ಕಾಗದದ ಬಿಲ್ಲೆ ಇಡುತ್ತೇವೆ. ಮಾರನೇ ದಿನ ನೋಡಿದರೆ ಕೆಲವು ಬಿಲ್ಲೆಗಳ ಸುತ್ತ ರಂಗೋಲಿ ಬಳ್ಳಿಯ ಹಾಗೆ ದುಂಡಗೆ ಖಾಲಿ ಜಾಗ. ಅಲ್ಲಿ ಔಷಧಿ ಗೆದ್ದಿದೆ, ಅದು ಎಸ್. ಕೆಲವು ಬಿಲ್ಲೆಗಳ ಅಂಚಿನವರೆಗೂ ಬ್ಯಾಕ್ಟೀರಿಯಾ ಬಂದು ಕೂತಿರುತ್ತದೆ, ಅದು ಆರ್. ವಿಡಾಲ್ ಯಾವ ಕಾಲಕ್ಕೂ ಇದನ್ನು ಹೇಳುವುದಿಲ್ಲ.

1948ರಲ್ಲಿ ಕ್ಲೋರಾಂಫೆನಿಕಾಲ್ ಬಂದಾಗ ಟೈಫಾಯ್ಡ್ ಕಥೆ ಮುಗಿಯಿತು ಅಂದುಕೊಂಡಿದ್ದರು. ಬ್ಯಾಕ್ಟೀರಿಯಾ ಅದನ್ನೂ ಮೀರಿಸಿತು. ಆಮೇಲೆ ಬಂದ ಸಿಪ್ರೋಫ್ಲಾಕ್ಸಾಸಿನ್ ಈಗ ನಮ್ಮ ದೇಶದಲ್ಲಿ ಬಹುಪಾಲು ಟೈಫಾಯ್ಡ್‌ಗೆ ನೆಚ್ಚಿಕೊಳ್ಳುವಂತಿಲ್ಲ. 2016ರಿಂದ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್‌ಗೂ ಬಗ್ಗದ ಟೈಫಾಯ್ಡ್ ಹರಡಿದೆ. ಪಕ್ಕದ ಮನೆಯವರಿಗೆ ಹಿಡಿಸಿದ ಮಾತ್ರೆ ನಿಮಗೂ ಹಿಡಿಸುತ್ತದೆ ಅನ್ನುವ ಧೈರ್ಯ ಬೇಡ.

### ಔಷಧಿ ಶುರುವಾದ ಮೇಲೆ

ಇಂಜೆಕ್ಷನ್ ಶುರುವಾಗಿ ಮೂರು ದಿನ ಆಯ್ತು, ಜ್ವರ ಬಿಟ್ಟಿಲ್ಲ. ರಿಪೋರ್ಟೇ ತಪ್ಪಾ?

ಅವಸರ ಬೇಡ. ಸರಿಯಾದ ಔಷಧಿ ಬಿದ್ದರೂ ಟೈಫಾಯ್ಡ್ ಜ್ವರ ಪೂರ್ತಿ ಇಳಿಯಲು ನಾಲ್ಕರಿಂದ ಏಳು ದಿನ ಹಿಡಿಯಬಹುದು. ಏರುವ ಮಟ್ಟ ದಿನದಿಂದ ದಿನಕ್ಕೆ ತಗ್ಗುತ್ತಿದೆಯಾ, ಊಟ ಸೇರುತ್ತಿದೆಯಾ ಅಂತ ನೋಡಿ. ಒಂದು ವಾರಕ್ಕೂ ತಗ್ಗದಿದ್ದರೆ ಕಾಯಿಲೆ ಬೇರೆಯಾ, ಔಷಧಿ ಹಿಡಿಸುತ್ತಿಲ್ಲವಾ ಅಂತ ಡಾಕ್ಟರ್ ಮತ್ತೆ ಯೋಚಿಸುತ್ತಾರೆ.

ಆದರೆ ಹೊಟ್ಟೆ ಇದ್ದಕ್ಕಿದ್ದಂತೆ ವಿಪರೀತ ನೋಯುವುದು, ಉಬ್ಬಿ ಗಟ್ಟಿಯಾಗುವುದು, ಮಲ ಕಪ್ಪಗೆ ಅಥವಾ ರಕ್ತವಾಗಿ ಹೋಗುವುದು, ರೋಗಿ ಮಂಕಾಗಿ ತೊದಲುವುದು, ಇವು ಕಂಡರೆ ಲ್ಯಾಬ್‌ಗೆ ಬರಬೇಡಿ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ. ಎರಡು ಮೂರನೇ ವಾರದಲ್ಲಿ ಕರುಳು ತೂತಾಗುವ ಅಪಾಯ ನಿಜವಾದದ್ದು.

ಕೋರ್ಸ್ ಮುಗೀತು, ಆರಾಮಾಗಿದೀನಿ, ಆದ್ರೂ ವಿಡಾಲ್ ಪಾಸಿಟಿವ್. ಇನ್ನೂ ಒಳಗೇ ಇದ್ಯಾ?

ನೀವು ಆರಾಮಾಗಿದ್ದೀರಿ, ವಿಡಾಲ್ ಯಾಕೆ ಮಾಡಿಸಿದಿರಿ? ಪ್ರತಿಕಾಯ ತಿಂಗಳುಗಟ್ಟಲೆ ಇರುತ್ತದೆ. ಸಂಖ್ಯೆ ಸೊನ್ನೆ ಆಗುವವರೆಗೆ ಇಂಜೆಕ್ಷನ್ ಹಾಕಿಸಿಕೊಂಡವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ವಾಸಿ ಆಯಿತಾ ಅಂತ ನೋಡಲು ವಿಡಾಲ್ ಬೇಡವೇ ಬೇಡ. ಕೆಲವರಿಗೆ ಎರಡು ಮೂರು ವಾರದ ಮೇಲೆ ಜ್ವರ ಮರುಕಳಿಸುತ್ತದೆ. ಹಾಗಾದರೆ ಡಾಕ್ಟರ್ ಹತ್ತಿರ ಹೋಗಿ, ಮತ್ತೆ ಕಲ್ಚರ್ ಬೇಕಾಗಬಹುದು.

ಎರಡನೇ ಸಲ ವಿಡಾಲ್ ಮಾಡಿಸುವುದಕ್ಕೆ ಅರ್ಥ ಇರುವ ಸಂದರ್ಭ ಒಂದೇ. ಕಾಯಿಲೆಯ ಶುರುವಿನಲ್ಲಿ ಒಂದು, 10ರಿಂದ 14 ದಿನ ಬಿಟ್ಟು ಇನ್ನೊಂದು. 80 ಇದ್ದದ್ದು 320 ಆದರೆ, ಅಂದರೆ ನಾಲ್ಕು ಪಟ್ಟು ಏರಿದರೆ, ಅದಕ್ಕೆ ಬೆಲೆ ಇದೆ. ಆದರೆ ಅಷ್ಟೊತ್ತಿಗೆ ರೋಗಿ ವಾಸಿಯಾಗಿ ಗದ್ದೆಗೆ ಹೋಗಿರುತ್ತಾರೆ, ಯಾರು ಬರ್ತಾರೆ ಹೇಳಿ.

ನಾನು ಹೋಟೆಲಲ್ಲಿ ಅಡುಗೆ ಕೆಲಸ ಮಾಡೋದು. ವಾಸಿ ಆದ ತಕ್ಷಣ ಹೋಗ್ಬಹುದಾ?

ಮಲದ ಕಲ್ಚರ್ ಬಗ್ಗೆ ಡಾಕ್ಟರ್‌ಗೆ ಕೇಳಿ ಆಮೇಲೆ ಹೋಗಿ. ನೂರರಲ್ಲಿ 1ರಿಂದ 5 ಜನರ ಪಿತ್ತಕೋಶದಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡು ವರ್ಷಕ್ಕೂ ಮೀರಿ ಮಲದಲ್ಲಿ ಹೋಗುತ್ತಿರುತ್ತದೆ. ಅವರಿಗೆ ಜ್ವರವೂ ಇಲ್ಲ, ಸುಸ್ತೂ ಇಲ್ಲ. ನ್ಯೂಯಾರ್ಕ್‌ನಲ್ಲಿ ಮೇರಿ ಮ್ಯಾಲನ್ ಅನ್ನುವ ಅಡುಗೆಯಾಕೆಯನ್ನು 1907ರಲ್ಲಿ ಹಿಡಿದದ್ದು ಹೀಗೇ, ಅವಳು ಅಡುಗೆ ಮಾಡಿದ ಬಹುತೇಕ ಮನೆಗಳಲ್ಲಿ ಟೈಫಾಯ್ಡ್. ತನಗೆ ಏನೂ ಇಲ್ಲ ಅಂತ ಅವಳು ಕೊನೆಯವರೆಗೂ ವಾದ ಮಾಡಿದಳು. ಒಟ್ಟು ಇಪ್ಪತ್ತಾರು ವರ್ಷ ಒಂಟಿಯಾಗಿ ದ್ವೀಪದಲ್ಲಿಟ್ಟರು ಪಾಪ.

ಮಗೂಗೆ ಟೈಫಾಯ್ಡ್ ಲಸಿಕೆ ಹಾಕ್ಸಿದೀವಿ. ಅದ್ರಿಂದ ವಿಡಾಲ್ ಪಾಸಿಟಿವ್ ಬಂತಾ?

ಈಗಿನ ಟಿಸಿವಿ ಲಸಿಕೆಯಲ್ಲಿ ಇರುವುದು ಬ್ಯಾಕ್ಟೀರಿಯಾದ ಹೊರ ಹೊದಿಕೆ, ಅದಕ್ಕೆ ವಿಐ ಅನ್ನುತ್ತಾರೆ. ವಿಡಾಲ್ ನೋಡುವುದು ಓ ಮತ್ತು ಎಚ್. ಆದ್ದರಿಂದ ಈ ಲಸಿಕೆಯ ಮೇಲೆ ತಪ್ಪು ಹೊರಿಸುವಂತಿಲ್ಲ. ಇಡೀ ಬ್ಯಾಕ್ಟೀರಿಯಾ ಸಾಯಿಸಿ ಮಾಡುತ್ತಿದ್ದ ಹಳೆಯ ಕಾಲದ ಚುಚ್ಚುಮದ್ದಿನಲ್ಲಿ ಹಾಗಾಗುತ್ತಿತ್ತು. ಲಸಿಕೆ ಹಾಕಿಸಿದರೂ ಪ್ಯಾರಾಟೈಫಾಯ್ಡ್ ತಡೆಯುವುದಿಲ್ಲ, ಜ್ವರ ಬಂದರೆ ಪರೀಕ್ಷೆ ಬೇಕೇ ಬೇಕು.

ಅಮೆರಿಕದಲ್ಲಿರೋ ನನ್ನ ಮಗ ಹೇಳ್ದ, ಅಲ್ಲಿ ವಿಡಾಲ್ ಮಾಡೋದೇ ಇಲ್ವಂತೆ. ನಾವ್ಯಾಕೆ ಇನ್ನೂ ಮಾಡ್ತೀವಿ?

ಮಗ ಹೇಳಿದ್ದು ಸರಿ. ಅಲ್ಲಿ ಟೈಫಾಯ್ಡ್ ಅಪರೂಪ, ಅನುಮಾನ ಬಂದರೆ ನೇರ ಕಲ್ಚರ್. ನಮ್ಮಲ್ಲಿ ಕಲ್ಚರ್‌ಗೆ ಬಾಟಲಿ ಬೇಕು, ಬೆಚ್ಚಗಿಡುವ ಇನ್‌ಕ್ಯುಬೇಟರ್ ಬೇಕು, ಕರೆಂಟ್ ಹೋಗಬಾರದು, ಮೈಕ್ರೋಬಯಾಲಜಿ ಕಲಿತವರು ಬೇಕು. ಮೈಸೂರು, ಮಂಡ್ಯದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ, ಅಲ್ಲಿ ಕೇಳಬಹುದು. ಹೋಬಳಿಯ ಸಣ್ಣ ಲ್ಯಾಬ್‌ನಲ್ಲಿ ಇದೆಲ್ಲ ಎಲ್ಲಿಂದ ಬರಬೇಕು? ವಿಡಾಲ್ ಕಿಟ್‌ಗೆ ಒಂದು ಫ್ರಿಜ್, ಒಂದು ಸ್ಲೈಡ್ ಸಾಕು. ಅಗ್ಗ, ಅರ್ಧ ಗಂಟೆಗೆ ರಿಪೋರ್ಟ್, ಮಧ್ಯಾಹ್ನದ ಬಸ್ಸಿಗೆ ಜನ ವಾಪಸ್ ಊರಿಗೆ ಹೋಗಬಹುದು. ದೊಡ್ಡ ಆಸ್ಪತ್ರೆಯಲ್ಲಿ ಕೂತು ವಿಡಾಲ್ ಬೇಡ ಅನ್ನುವುದು ಸುಲಭ.

ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 90 ಲಕ್ಷ ಜನರಿಗೆ ಟೈಫಾಯ್ಡ್ ಬರುತ್ತದೆ, 1 ಲಕ್ಷ 10 ಸಾವಿರ ಜನ ಸಾಯುತ್ತಾರೆ. ಅದರಲ್ಲಿ ಬಹುಪಾಲು ನಮ್ಮಂಥ ದೇಶಗಳವರು.

ಕೊರೋನಾಗೆ ಮಾಡಿದ್ರಲ್ಲ, ಆ ಥರ ಪಿಸಿಆರ್ ಇದಕ್ಕಿಲ್ವಾ?

ಇದೆ, ಆದರೆ ಕೊರೋನಾ ಥರ ಸಲೀಸಲ್ಲ. ಮೂಗಿನ ಕಡ್ಡಿಯಲ್ಲಿ ವೈರಸ್ ರಾಶಿ ರಾಶಿ ಸಿಗುತ್ತಿತ್ತು. ಇಲ್ಲಿ ಎಂ.ಎಲ್.ಗೆ ಒಂದು ಬ್ಯಾಕ್ಟೀರಿಯಾ ಅಂದೆನಲ್ಲ, ಯಂತ್ರಕ್ಕೆ ಹಾಕುವ ಆ ಚೂರು ರಕ್ತದಲ್ಲಿ ಒಂದೂ ಇಲ್ಲದೇ ಹೋದರೆ ಪಿಸಿಆರ್ ಆದರೂ ಏನು ಹುಡುಕಬೇಕು? ಸದ್ಯಕ್ಕೆ ನಮ್ಮ ಕಿಟಕಿಗೆ ಬರುವವರಿಗೆ ನಾನು ಹೇಳುವುದು ಇಷ್ಟು: ಜ್ವರ ಶುರುವಾದ ತಾರೀಖಿನ ಚೀಟಿ, ನುಂಗಿದ ಮಾತ್ರೆಯ ಖಾಲಿ ಸ್ಟ್ರಿಪ್, ಹಳೆಯ ರಿಪೋರ್ಟ್ ಇದ್ದರೆ ಅದು, ಮೂರನ್ನೂ ಒಂದು ಕವರ್‌ಗೆ ಹಾಕಿಕೊಂಡು ಬನ್ನಿ.